ಕೇಳಿ ಕೊಯ್ದ ಹೂವು

ಆಗಸ್ಟ್ ಮುಗಿಯುವ ಹೊತ್ತಿಗೆ ದಕ್ಷಿಣ ಕನ್ನಡದ ಮಳೆಗೂ ಸ್ವಲ್ಪ ಆಯಾಸವಾಗಿರುತ್ತದೆ. ನಸುಕಿಗೆ ಒಂದು ಜಡಿ ಸುರಿಯುತ್ತದೆ, ಎಂಟು ಗಂಟೆಗೆಲ್ಲ ಬಿಸಿಲು ಬೀಳುತ್ತದೆ, ಮಧ್ಯಾಹ್ನ ಮತ್ತೆ ಮೋಡ. ದರೆಯ ಮೇಲೆ ಪಾಚಿ ದಪ್ಪಗೆ ಕೂತಿದೆ. ಬೇಲಿಸಾಲಿನ ದಾಸವಾಳಗಳು ರಾತ್ರಿಯ ನೀರು ಹೊತ್ತು ತಲೆ ತಗ್ಗಿಸಿ ನಿಂತಿವೆ. ಆಗಸ್ಟ್ 30ರ ಬೆಳಿಗ್ಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಒಳದಾರಿಗಳಲ್ಲಿ ಪುಟ್ಟ ಪುಟ್ಟ ಬುಟ್ಟಿಗಳ ಓಡಾಟ ಶುರುವಾಗುತ್ತದೆ. ಬಿದಿರಿನದು, ಪ್ಲಾಸ್ಟಿಕ್ಕಿನದು, ತಂತಿಯ ಹಿಡಿಗೆ ಬಣ್ಣದ ಕಾಗದ ಸುತ್ತಿದ್ದು, ಏನೂ ಸಿಗದವರ ಕೈಯಲ್ಲಿ ಸ್ಟೀಲಿನ ತಟ್ಟೆ. ಶಾಲೆಯ ಯೂನಿಫಾರ್ಮಿನ ಮೇಲೆ ರೈನ್‌ಕೋಟು ಹಾಕಿಕೊಂಡ ಮಕ್ಕಳು ಮನೆಯಿಂದ ಮನೆಗೆ ಹೂ ಹುಡುಕಿಕೊಂಡು ಹೊರಟಿದ್ದಾರೆ. ಸೆಪ್ಟೆಂಬರ್ 8ಕ್ಕೆ ಕನ್ಯೆ ಮರಿಯಮ್ಮನ ಹುಟ್ಟುಹಬ್ಬ. ಇಲ್ಲಿಯ ಕೊಂಕಣಿ ಕ್ರೈಸ್ತರಿಗೆ ಅದು ಮೊಂತಿ ಫೆಸ್ತ್. ಅದಕ್ಕೆ ಮೊದಲಿನ ಒಂಬತ್ತು ದಿನವೂ ಮಕ್ಕಳು ಬಾಲೆ ಮರಿಯೆಯ ಮೂರ್ತಿಗೆ ಹೂ ಎರಚಬೇಕು.

ಮೊದಲ ಗೇಟಿನ ಮುಂದೆ ಪಡೆ ನಿಲ್ಲುತ್ತದೆ. ಒಳಗೆ ತುಳಸಿಕಟ್ಟೆ, ಅದರಾಚೆ ಕೇಪಳದ ಪೊದೆ, ಗೋಡೆಯುದ್ದಕ್ಕೂ ರಥಪುಷ್ಪದ ಕೆಂಪು ಗೋಪುರಗಳು. ಎಲ್ಲರಿಗಿಂತ ಚಿಕ್ಕವಳನ್ನು ಮುಂದೆ ತಳ್ಳುತ್ತಾರೆ. ಕೇಳುವ ಕೆಲಸ ಯಾವಾಗಲೂ ಅವಳಿಗೇ.

"ಅಕ್ಕಾ, ಹೂ ಕೊಯ್ಯಬಹುದಾ?"

ಒಲೆಯ ಹತ್ತಿರದಿಂದಲೇ ಉತ್ತರ ಬರುತ್ತದೆ. "ಕೊಯ್ಯಿರಿ ಮಕ್ಳೇ. ದೇವರಿಗೆ ನಾಲ್ಕು ಬಿಡಿ, ಆಯ್ತಾ?"

ಬುಟ್ಟಿಗೆ ಬೀಳುವ ಹೂವೂ ದೇವರ ತಾಯಿಗೇ ಹೋಗುವುದು. ಆದರೆ ಆ ಮಾತನ್ನು ಎತ್ತಿ ಯಾರೂ ವಾದ ಮಾಡುವುದಿಲ್ಲ. ನಾಲ್ಕು ಎಂದರೆ ನಾಲ್ಕು ಬಿಡಬೇಕು. ಅದೂ ಕೈಗೆ ಎಟುಕುವ ಕೊಂಬೆಯಲ್ಲೇ ಬಿಡಬೇಕು, ಆ ಮನೆಯ ಅಜ್ಜಿಗೆ ಸ್ನಾನ ಮುಗಿಸಿ ಬಂದು ಕೊಯ್ಯಲು ಅನುಕೂಲವಾಗುವ ಹಾಗೆ. ಇದು ಮನೆಯಿಂದ ಹೊರಡುವಾಗ ವ್ಹಡ್ಲಿಮಾಂಯ್, ಅಂದರೆ ಅಜ್ಜಿ, ಬುಟ್ಟಿಯ ಜೊತೆಗೇ ಕೊಟ್ಟು ಕಳಿಸಿದ ಕಾನೂನು. ಮೊಗ್ಗು ಮುಟ್ಟಬಾರದು. ಕೊಂಬೆ ಬಗ್ಗಿಸಿ ಮುರಿಯಬಾರದು. ಒಂದೇ ಗಿಡವನ್ನು ಬೋಳಿಸಬಾರದು. ಬೇಲಿಯಿಂದ ರಸ್ತೆಗೆ ಚಾಚಿದ ಹೂವಾದರೂ ಕೇಳಿಯೇ ಕೊಯ್ಯಬೇಕು. ಕೊನೆಯದನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟ. ಗೇಟಿನಾಚೆ ನಾಯಿ ಇರುವ ಮನೆಯಲ್ಲಂತೂ ಬೇಲಿಯ ಹೊರಗಿನ ದಾಸವಾಳ ಎಷ್ಟು ಸುಲಭ! ದೊಡ್ಡ ಹುಡುಗನೊಬ್ಬ ಕೈ ಚಾಚುತ್ತಾನೆ. ಚಿಕ್ಕವಳು ಕಣ್ಣರಳಿಸಿ, "ಕದ್ದದ್ದು ಆಗ್ತದೆ," ಎನ್ನುತ್ತಾಳೆ. ಹುಡುಗ ಕೈ ಹಿಂದೆಗೆದುಕೊಂಡು ನಾಯಿಗೆ ಕೇಳುವಷ್ಟು ಗಟ್ಟಿಯಾಗಿ ಮನೆಯವರನ್ನು ಕೂಗುತ್ತಾನೆ.

ಮಕ್ಕಳಿಗೆ ದಯೆ ಕಲಿಸುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ನಾವು ಕೊಡುವುದರಿಂದ ಶುರುಮಾಡುತ್ತೇವೆ. ಹಳೆಯ ಅಂಗಿ ಕೊಡು, ಹುಟ್ಟುಹಬ್ಬಕ್ಕೆ ಅನಾಥಾಲಯಕ್ಕೆ ಚಾಕೊಲೇಟು ಕೊಡು, ಪೆಟ್ಟಿಗೆಗೆ ನಾಣ್ಯ ಹಾಕು. ಕೊಡುವಾಗ ಮಗುವಿನ ಕೈ ಮೇಲಿರುತ್ತದೆ. ಈ ಒಂಬತ್ತು ದಿನಗಳ ಚಂದ ನನಗೆ ಕಾಣುವುದು ಇದರ ತಿರುವುಮುರುವಿನಲ್ಲಿ. ಇಲ್ಲಿ ಮಗು ಮೊದಲು ಕೇಳುತ್ತದೆ. ಬೇರೆಯವರ ಗೇಟಿನ ಹೊರಗೆ ನಿಲ್ಲುತ್ತದೆ, ಉತ್ತರಕ್ಕೆ ಕಾಯುತ್ತದೆ. "ಇವತ್ತು ಬೇಡ ಮಗಾ, ನಮ್ಮಲ್ಲೂ ಪೂಜೆ ಉಂಟು" ಎಂದರೆ ಮುಖ ಸಣ್ಣ ಮಾಡಿಕೊಂಡು ಮುಂದಿನ ಮನೆಗೆ ನಡೆಯುತ್ತದೆ. ಚೌತಿ ಕೆಲವು ವರ್ಷ ಇದೇ ದಿನಗಳಲ್ಲಿ ಬರುತ್ತದೆ. ಆಗ ಒಂದೇ ಕೇಪಳದ ಪೊದೆಯ ಮೇಲೆ ಎರಡು ಮನೆಯ ಮಕ್ಕಳ ಕಣ್ಣು. "ಈ ಬದಿ ನಿನಗೆ, ಆ ಬದಿ ನಮಗೆ" ಎಂದು ಪಾಲುಪಟ್ಟಿ ಮಾಡಿಕೊಳ್ಳುವುದನ್ನು ಕೇಳಬೇಕು. ಊರಿನ ಜಾಗದ ತಕರಾರುಗಳು ಇಷ್ಟು ಬೇಗ ಇತ್ಯರ್ಥವಾಗುವುದಿಲ್ಲ. ಕೇಳಿ ಪಡೆದ ಅಭ್ಯಾಸವಿರುವ ಮಗು, ನಾಳೆ ತನ್ನ ಗೇಟಿನ ಮುಂದೆ ಇನ್ನೊಬ್ಬ ನಿಂತಾಗ ಅವನನ್ನು ಕಾಯಿಸುವುದಿಲ್ಲ ಎಂಬುದು ನನ್ನ ನಂಬಿಕೆ.

ಈ ಒಂಬತ್ತು ದಿನಗಳ ಪ್ರಾರ್ಥನೆ, ಅಂದರೆ ನೊವೆನಾ, ಕೆಲವು ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಬೆಳಗಿನ ಬಲಿಪೂಜೆಯ ಜೊತೆ, ಕೆಲವು ಕಡೆ ಸಂಜೆ. ಮೆಟ್ಟಿಲ ಬಳಿ ಒದ್ದೆ ಕೊಡೆಗಳ ರಾಶಿ, ಚಪ್ಪಲಿಗಳ ರಾಶಿ. ಒಳಗೆ ನಡುವಿನ ಹಾದಿಯಲ್ಲಿ ಮಕ್ಕಳ ಎರಡು ಸಾಲು, ಚಿಕ್ಕವರು ಮುಂದೆ. ಕಾಯುವ ಹೊತ್ತು ಖಾಲಿ ಹೋಗಬಾರದಲ್ಲ. ದಾಸವಾಳವನ್ನು ಎಸಳೆಸಳಾಗಿ ಬಿಡಿಸುತ್ತಾರೆ. ಹಾಗೆ ಬಿಡಿಸಿದರೆ ಬುಟ್ಟಿ ತುಂಬಿದಂತೆ ಕಾಣುತ್ತದೆ, ಎರಚುವಾಗ ಹೆಚ್ಚು ಹೊತ್ತು ಬಾಳಿಕೆಯೂ ಬರುತ್ತದೆ. ಯಾರೋ ಕ್ರೋಟನ್ ಎಲೆ ಸಣ್ಣಗೆ ಕತ್ತರಿಸಿ ತಂದಿದ್ದಾರೆ. ಇನ್ನೊಬ್ಬನದು ನಿತ್ಯಪುಷ್ಪ ಮತ್ತು ಒಂದು ಇರುವೆ ಸಾಲು. ಹಾಡು ಶುರುವಾದದ್ದೇ ತಡ, ಹೂವಿನ ಆಲಿಕಲ್ಲು ಮಳೆ. ಅರ್ಧ ಬಾಲೆ ಮರಿಯೆಯ ಪಾದಕ್ಕೆ, ಅರ್ಧ ಮುಂದಿನವನ ಜುಟ್ಟಿಗೆ.

ಆ ಸಾಲಿನಲ್ಲಿ ಒಂದು ಬರಿಗೈ ಇದ್ದೇ ಇರುತ್ತದೆ. ತಡವಾಗಿ ಎದ್ದವನು, ಅಮ್ಮ ರಾತ್ರಿಪಾಳಿಗೆ ಹೋಗಿದ್ದವಳು, ಊರಿಗೆ ಹೊಸಬರಾಗಿ ಬಂದು ಯಾರ ಗೇಟನ್ನೂ ಗುರುತಿಲ್ಲದ ಬಾಡಿಗೆಮನೆಯ ಮಗು. ಅದು ಖಾಲಿ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಿರುತ್ತದೆ, ತಳ ಯಾರಿಗೂ ಕಾಣದ ಹಾಗೆ. ಪಕ್ಕದವಳು ಒಮ್ಮೆ ಅದನ್ನು ನೋಡುತ್ತಾಳೆ, ಒಮ್ಮೆ ತನ್ನ ಬುಟ್ಟಿಯನ್ನು ನೋಡುತ್ತಾಳೆ. ಲೆಕ್ಕ ಹಾಕುತ್ತಾಳೆ, ಅದು ಮುಖದಲ್ಲೇ ಗೊತ್ತಾಗುತ್ತದೆ. ಆಮೇಲೆ ಒಂದು ಮುಷ್ಟಿ ಹಾಕುತ್ತಾಳೆ. ಸಾಲದೆನಿಸಿ ಇನ್ನೊಂದು ಮುಷ್ಟಿ. ಹಿಂದಿನ ಬೆಂಚಿನ ಟೀಚರ್‌ಬಾಯಿಗೆ ಇದೆಲ್ಲ ಕಂಡಿದೆ. ಒಳ್ಳೆಯ ಟೀಚರ್ ಆದರೆ ಆಕೆ ಆಗ ಹಾಡಿನ ಪುಸ್ತಕದಿಂದ ಕಣ್ಣು ಎತ್ತುವುದಿಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದನ್ನು ಆಕೆಯೇ ಕಳೆದ ಭಾನುವಾರ ಪಾಠ ಮಾಡಿರುತ್ತಾಳೆ. ಮೈಕಿನಲ್ಲಿ ಹೆಸರು ಕರೆದು ಚಪ್ಪಾಳೆ ಹೊಡೆಸಿದರೆ ನಾಳೆ ಸಾಲಿನ ತುಂಬ ದಾನಿಗಳೇ ಇರುತ್ತಾರೆ, ಮುಷ್ಟಿ ಮಾತ್ರ ಮೊದಲಿನದಾಗಿರುವುದಿಲ್ಲ. ಯಾರು ಹೆಚ್ಚು ಹೂ ತಂದರು ಎಂದು ನೋಡಿ ಬಹುಮಾನ ಕೊಡುವುದನ್ನೂ ನನಗೆ ಒಪ್ಪಲಾಗದು. ಅಂಥಲ್ಲಿ ಗಿಡಗಳು ಬೋಳಾಗುತ್ತವೆ, ಮುಷ್ಟಿಗಳು ಬಿಗಿಯಾಗುತ್ತವೆ.

ಭಾನುವಾರದ ಪಾಠ ಎಂದೆನಲ್ಲ, ಅದಕ್ಕೆ ಇಲ್ಲಿ ದೊತೊರ್ನ್ ಎನ್ನುತ್ತಾರೆ. ಬಲಿಪೂಜೆಯ ನಂತರ ತರಗತಿವಾರು ಕೂತು ಮಕ್ಕಳು ಕರುಣೆಯ ಕೆಲಸಗಳನ್ನು ಬಾಯಿಪಾಠ ಹೇಳುತ್ತಾರೆ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ನೆಲೆ, ರೋಗಿಗಳ ಭೇಟಿ, ಸೆರೆಯಲ್ಲಿದ್ದವರ ಕಾಳಜಿ, ಸತ್ತವರ ಸಂಸ್ಕಾರ. ದೇಹಕ್ಕೆ ಸಂಬಂಧಿಸಿದವು ಹೀಗೆ ಏಳು, ಆತ್ಮಕ್ಕೆ ಸಂಬಂಧಿಸಿದವು ಮತ್ತೂ ಏಳು. ಮೊದಲ ಆರು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಿಂದ ಬಂದವು. ಎಲ್ಲರಿಗಿಂತ ಅಲ್ಪನಾದವನಿಗೆ ಮಾಡಿದ್ದು ನನಗೇ ಮಾಡಿದ್ದು ಎಂದು ಯೇಸು ಹೇಳುವ ಭಾಗ ಅದು. ಏಳನೆಯದರ ಬೇರು ತೊಬೀತನ ಗ್ರಂಥದಲ್ಲಿದೆ. ಅನಾಥ ಶವಗಳನ್ನು ರಾಜಭಯವನ್ನೂ ಲೆಕ್ಕಿಸದೆ ಮಣ್ಣು ಮಾಡುತ್ತಿದ್ದ ಮುದುಕನ ಕತೆ ಅದರಲ್ಲಿ ಬರುತ್ತದೆ. ಮಕ್ಕಳು ಇದನ್ನೆಲ್ಲ ಮಗ್ಗಿಯ ರಾಗದಲ್ಲಿ ಹೇಳಿ ಮುಗಿಸಿ, ಹೊರಗೆ ನಲ್ಲಿಯ ಹತ್ತಿರ ತಳ್ಳಾಡುತ್ತಾರೆ. ಬಾಯಾರಿದವರಿಗೆ ನೀರು ಎಂಬ ಪಾಠಕ್ಕೆ ನಿಜವಾದ ಪರೀಕ್ಷೆ ಆ ನಲ್ಲಿಯ ಬಳಿ ನಡೆಯುತ್ತದೆ. ಚಿಕ್ಕವನನ್ನು ಎತ್ತಿ ಹಿಡಿದು ಕುಡಿಸುವವರೂ ಇದ್ದಾರೆ, ಅವನ ಕಾಲರಿನೊಳಗೆ ನೀರು ಬಿಡುವವರೂ ಇದ್ದಾರೆ. ಹಲವು ಸಲ ಇಬ್ಬರೂ ಒಬ್ಬರೇ.

2016ರ ಸೆಪ್ಟೆಂಬರ್ 1ರಂದು ಪೋಪ್ ಫ್ರಾನ್ಸಿಸ್, ಸೃಷ್ಟಿಯ ಆರೈಕೆಯನ್ನೂ ಕರುಣೆಯ ಕೆಲಸಗಳ ಪಟ್ಟಿಗೆ ಸೇರಿಸೋಣ ಎಂದರು. ಆ ದಿನ ಇಲ್ಲಿ ನೊವೆನಾದ ಮೂರನೆಯ ದಿನ. ಮೊಗ್ಗು ಮುಟ್ಟಬಾರದು ಎಂದ ಅಜ್ಜಿಗೆ ಆ ಸುದ್ದಿ ತಲುಪಿತೋ ಇಲ್ಲವೋ. ತಲುಪಿದ್ದರೆ, ಇಷ್ಟು ತಡವಾಯಿತಾ ಎಂದು ಕೇಳಿರುತ್ತಿದ್ದಳು.

ಹೂ ಎರಚುವ ಖುಷಿಗೆ ಸಂತರ ಸಾಕ್ಷಿಯೂ ಉಂಟು. ಫ್ರಾನ್ಸಿನ ಲಿಸಿಯೂವಿನ ಸಂತ ತೆರೇಸಾ (1873–1897) ಚಿಕ್ಕವಳಿದ್ದಾಗ ಪರಮಪ್ರಸಾದದ ಮೆರವಣಿಗೆಯಲ್ಲಿ ಎಸಳುಗಳನ್ನು ಆದಷ್ಟೂ ಮೇಲಕ್ಕೆ ಎಸೆದು ಸಂಭ್ರಮಿಸುತ್ತಿದ್ದುದನ್ನು ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಳು. ಇಪ್ಪತ್ತನಾಲ್ಕಕ್ಕೇ ತೀರಿಹೋದ ಆಕೆ ಮಠದೊಳಗೆ ಯಾವ ದೊಡ್ಡ ಕೆಲಸವನ್ನೂ ಮಾಡಲಿಲ್ಲ. ತನಗೆ ಸ್ವಲ್ಪವೂ ಸರಿಬರದ ಸೋದರಿಯೊಬ್ಬಳನ್ನು ಕಂಡಾಗಲೆಲ್ಲ ಮುಗುಳ್ನಕ್ಕಳು. ಎಷ್ಟೆಂದರೆ, ನನ್ನಲ್ಲಿ ನಿನಗೆ ಅಷ್ಟೊಂದು ಇಷ್ಟವಾದದ್ದು ಏನು ಎಂದು ಆ ಸೋದರಿಯೇ ಕೇಳುವಷ್ಟು. ಇಂಥ ಸಣ್ಣ ಸಂಗತಿಗಳ ಸಂತಳನ್ನು 1997ರಲ್ಲಿ ಧರ್ಮಸಭೆ ತನ್ನ ಮಹಾಪಂಡಿತರ ಸಾಲಿನಲ್ಲಿ ಕೂರಿಸಿತು. ದೊತೊರ್ನ್ ತರಗತಿಯಲ್ಲಿ ಈ ಮುಗುಳ್ನಗೆಯ ಕತೆ ಹೇಳಿದರೆ ಮಕ್ಕಳು ತಕ್ಷಣ ಪಕ್ಕದವರನ್ನು ನೋಡಿ ಹಲ್ಲು ಕಿರಿಯುತ್ತಾರೆ. ಯಾರಿಗೆ ಯಾರು ಸರಿಬರುವುದಿಲ್ಲ ಎಂಬುದು ಅರೆಕ್ಷಣದಲ್ಲಿ ಬಯಲಾಗುತ್ತದೆ.

ಹೂವಿನ ಹೊತ್ತು ಮುಗಿದ ಮೇಲೆ ಇಗರ್ಜಿಯ ನೆಲ ಕೆಂಪು, ಹಳದಿ, ಜಾರು. ಮಿಠಾಯಿ ಹಂಚುವ ಕಡೆಗೆ ಎಲ್ಲರ ಓಟ. ಕೆಲವು ಕಡೆ ದೊಡ್ಡ ಮಕ್ಕಳನ್ನು ಅಲ್ಲೇ ತಡೆದು ಕೈಗೆ ಹಿಡಿಸೂಡಿ ಕೊಡುತ್ತಾರೆ. ಎರಚಿದವರೇ ಗುಡಿಸಲಿ. ದಿನವೂ ಗುಡಿಸುವ ಹೆಂಗಸು ಕಂಬಕ್ಕೆ ಒರಗಿ ನಿಂತು, "ಮೂಲೆ ಬಿಟ್ಟೆಯಲ್ಲ ಮಾರಾಯಾ" ಎಂದು ಯಜಮಾನಿಕೆ ಮಾಡುವುದನ್ನು ನೋಡುವುದೇ ಒಂದು ಸುಖ.

ಹಬ್ಬದ ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ನೇತ್ರಾವತಿಯ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವಾದ ಧರ್ಮಗುರು ಜೋಕಿಂ ಮಿರಾಂದ ಇದನ್ನು ಆರಂಭಿಸಿದರು ಎಂಬುದು ಸಮುದಾಯದ ನೆನಪು. ಗೋವಾದಿಂದ ಬಂದು ಇಲ್ಲಿ ಬೇಸಾಯಕ್ಕೆ ಇಳಿದವರ ಹಬ್ಬವಾದ್ದರಿಂದ ಹೊಸ ಭತ್ತದ ತೆನೆಗೂ ಮರಿಯಮ್ಮನ ಹುಟ್ಟಿಗೂ ನಂಟು ಬೆಳೆಯಿತು. ಇದೇ ಕಾಲಕ್ಕೆ ತುಳುವರ ಮನೆಗಳಲ್ಲಿ ಕುರಲ್, ಅಂದರೆ ತೆನೆ, ಕಟ್ಟುತ್ತಾರೆ, ಹೊಸ ಅಕ್ಕಿಯ ಪುದ್ವಾರ್ ಊಟ ಮಾಡುತ್ತಾರೆ. ಗದ್ದೆಯ ಹುಣಿ ಒಂದೇ ಆದಮೇಲೆ ಹಬ್ಬಗಳೂ ಅಕ್ಕಪಕ್ಕ ಕೂರುವುದು ಸಹಜ.

ಎಂಟನೇ ತಾರೀಕಿನಂದು ಧರ್ಮಗುರುಗಳು ತೆನೆಗಳನ್ನು ಆಶೀರ್ವದಿಸುತ್ತಾರೆ. ಮನೆಗೊಂದರಂತೆ ಹಂಚಿಕೆ. ಒಂಬತ್ತು ದಿನ ಹೂ ತಂದ ಮಕ್ಕಳಿಗೆ ಕಬ್ಬು. ತಮ್ಮ ಎತ್ತರಕ್ಕಿಂತ ಉದ್ದದ ಕಬ್ಬನ್ನು ಹೆಗಲಿಗೇರಿಸಿಕೊಂಡು ಹೊರಟ ಮಕ್ಕಳ ದಂಡಿನಿಂದ ದಾರಿಯಲ್ಲಿ ಬೈಕಿನವರು ತಪ್ಪಿಸಿಕೊಂಡು ಹೋಗಬೇಕು. ಕೇಪಳ ಕೊಟ್ಟ ಮನೆಯ ಗೇಟು ಬಂದಾಗ ಪಡೆ ಮತ್ತೆ ನಿಲ್ಲುತ್ತದೆ. ಎಷ್ಟು ಗೆಣ್ಣು ಕೊಡುವುದು ಎಂದು ಪಿಸುಪಿಸು ಚರ್ಚೆ. ದೊಡ್ಡ ಹುಡುಗ ಮೊಣಕಾಲಿಗೆ ಒತ್ತಿ ಮುರಿಯುತ್ತಾನೆ. ಬುಡದ ಸಿಹಿಯ ಭಾಗ ಯಾರಿಗೆ, ತುದಿಯ ಸಪ್ಪೆ ಯಾರಿಗೆ? ತುದಿಯನ್ನೇ ಕೊಟ್ಟು ಓಡಿದ ವರ್ಷವೂ ಉಂಟು. ಬುಡ ಕೊಟ್ಟ ವರ್ಷ ಒಳಗಿನಿಂದ ಅಕ್ಕ ಬಂದು, ಅದನ್ನು ಇಬ್ಭಾಗ ಮಾಡಿ ಅರ್ಧ ವಾಪಸು ಕೊಟ್ಟಳು.

ಮನೆಯಲ್ಲಿ ಮಕ್ಕಳ ತಾಳ್ಮೆಗೆ ದೊಡ್ಡ ಪರೀಕ್ಷೆ ಕಾದಿದೆ. ತೆನೆಯನ್ನು ದೇವರ ಪೀಠದ ಮುಂದಿಟ್ಟು ಪ್ರಾರ್ಥನೆ. ಭತ್ತ ಸುಲಿದು, ಅಕ್ಕಿಯನ್ನು ಕುಟ್ಟಿ, ಹಾಲಿಗೋ ಪಾಯಸಕ್ಕೋ ಬೆರೆಸಬೇಕು. ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಟ್ಟ ನಂತರವೇ ಊಟ. ಬಾಳೆಲೆ, ನೆಲದ ಮೇಲೆ ಸಾಲು. ಮೀನಿಲ್ಲದೆ ತುತ್ತು ಇಳಿಯದ ಕರಾವಳಿಯ ಮನೆಯಲ್ಲಿ ಇವತ್ತು ಬರೀ ತರಕಾರಿ, ಅದೂ ಮೂರೋ ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಲ್ಲಿ. ಕೆಸುವಿನ ದಂಟು ಬಾಯಿ ತುರಿಸುತ್ತದೆ ಎಂಬ ದೂರು, ಹೀರೆಕಾಯಿ ಬೇಡವೆಂಬ ಮುಷ್ಕರ. ಗದ್ದೆಗೆ ಇಳಿದಿದ್ದ ಆಳುಗಳೂ ಇದೇ ಸಾಲಿನಲ್ಲಿ ಕೂರುವ ಮನೆಗಳಲ್ಲಿ, ಬಡಿಸುವ ಕೆಲಸ ಮಕ್ಕಳದು. ನಾಟಿ ಮಾಡಿದ ಹೆಂಗಸಿನ ಎಲೆಗೆ ಬಗ್ಗಿ ಪಾಯಸ ಬಡಿಸುವಾಗ, "ಇನ್ನೂ ಸ್ವಲ್ಪ?" ಎಂದು ಕೇಳಬೇಕು. ಆಕೆ ಸಾಕೆಂದರೂ ಇನ್ನೊಮ್ಮೆ ಕೇಳಬೇಕು. ಹೀಗೆ ಕೇಳುವುದಕ್ಕೆ ಪಠ್ಯಪುಸ್ತಕವಿಲ್ಲ. ಮೊದಲ ಸಲ ಸೌಟು ಅಲುಗಿ ಎಲೆಯಾಚೆ ಚೆಲ್ಲಿದಾಗ ಆಕೆ ನಕ್ಕು, ಮಗುವಿನ ಕೈಯನ್ನೇ ಹಿಡಿದು ಸರಿಯಾದ ಕಡೆಗೆ ತರುತ್ತಾಳೆ. ಕಲಿಸಿದವರು ಯಾರು, ಕಲಿತವರು ಯಾರು!

ಊಟಕ್ಕೆ ಬಾರದವರೂ ಇದ್ದಾರೆ. ಕುವೈತಿನಲ್ಲಿರುವ ಚಿಕ್ಕಪ್ಪ, ದುಬೈಯಲ್ಲಿರುವ ಅತ್ತೆ. ಆಶೀರ್ವದಿಸಿದ ತೆನೆಯ ಕೆಲವು ಕಾಳುಗಳನ್ನು ಅಂಚೆಯ ಲಕೋಟೆಯಲ್ಲಿಟ್ಟು ಕಳಿಸುವ ರೂಢಿ ಬಹಳ ಹಿಂದಿನದು. ವಿಡಿಯೊ ಕರೆಯಲ್ಲಿ ಎಲೆ, ಪಾಯಸ, ಅಜ್ಜಿ ಎಲ್ಲರನ್ನೂ ತೋರಿಸಬಹುದು. ಆದರೂ ಕಾಳು ಲಕೋಟೆಯಲ್ಲೇ ಹೋಗಬೇಕು, ಅಂಟು ಹಚ್ಚಲು ಮಗುವಿನ ನಾಲಿಗೆಯೇ ಬೇಕು.

ಬೆಂಗಳೂರಿನಲ್ಲಿ ಇದೇ ದಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಕಾವಿಬಟ್ಟೆ ತೊಟ್ಟ ಭಕ್ತರ ಮಹಾಪೂರ, ತೇರು. ಅದರ ಸೊಬಗೇ ಬೇರೆ. ಅಲ್ಲಿಗೆ ಹೋಗಿ ನೆಲೆಸಿದ ಮಂಗಳೂರಿನವರು ತಮ್ಮ ತಮ್ಮ ಚರ್ಚುಗಳಲ್ಲಿ ಮೊಂತಿಯನ್ನೂ ಮಾಡುತ್ತಾರೆ. ಹೂ ಕೆ.ಆರ್. ಮಾರ್ಕೆಟಿನಿಂದ ಬರುತ್ತದೆ, ಕಾಲು ಕೆ.ಜಿ. ಸೇವಂತಿಗೆ ಕವರಿನಲ್ಲಿ. ತಪ್ಪೇನಿಲ್ಲ, ಫ್ಲ್ಯಾಟಿನಲ್ಲಿ ಬೇಲಿ ಎಲ್ಲಿಂದ ತರುವುದು? ಆದರೆ ದುಡ್ಡು ಕೊಟ್ಟು ತಂದ ಹೂವಿಗೆ ಗೇಟಿಲ್ಲ, ನಾಯಿಯಿಲ್ಲ, "ದೇವರಿಗೆ ನಾಲ್ಕು ಬಿಡಿ" ಎನ್ನುವವರಿಲ್ಲ. ಎದುರು ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಂಡವೊಂದಿದ್ದರೆ, ಒಂಬತ್ತು ದಿನಗಳಲ್ಲಿ ಒಂದು ದಿನವಾದರೂ ಮಗುವಿನಿಂದ ಆ ಬಾಗಿಲ ಗಂಟೆ ಒತ್ತಿಸಬೇಕು. ಸಿಗುವುದು ಒಂದೇ ಹೂವಾದರೂ ಆಗಬಹುದು. ಗಂಟೆ ಒತ್ತಿ, ಬಾಗಿಲು ತೆರೆಯುವ ತನಕ ಮಗು ನಿಂತಿರುವ ಆ ಅರ್ಧ ನಿಮಿಷಕ್ಕೆ ಮಾರ್ಕೆಟಿನಲ್ಲಿ ದರವಿಲ್ಲ.

ಹಬ್ಬ ಮುಗಿದ ಮೇಲೆ ಉಳಿಯುವುದು ದಿನದಿನದ ಸಂಜೆ. ಆಮೋರಿಯ, ಅಂದರೆ ಸಂಜೆಯ ಪ್ರಾರ್ಥನೆಯ, ಗಂಟೆ ಕೇಳಿಸಿ, ದೀಪ ಹಚ್ಚಿ, ಪೀಠದ ಮುಂದೆ ತೇರ್ಸ್. ಜಪಮಾಲೆಯ ಐದು ರಹಸ್ಯ ಮುಗಿಯುವಷ್ಟರಲ್ಲಿ ಚಿಕ್ಕವನು ಎರಡು ಸಲ ತೂಕಡಿಸಿ, ಒಂದು ಸಲ ಅಕ್ಕನನ್ನು ಚಿವುಟಿರುತ್ತಾನೆ. ಕೊನೆಗೆ ಯಾರ್‍ಯಾರಿಗಾಗಿಯೋ ಪ್ರಾರ್ಥನೆ. ಆಸ್ಪತ್ರೆಯಲ್ಲಿರುವ ನೆರೆಯವರು, ಪರೀಕ್ಷೆ ಬರೆಯುವ ಅಣ್ಣ, ಚಿಕ್ಕವನ ಒತ್ತಾಯಕ್ಕೆ ಪಕ್ಕದ ಮನೆಯ ಕುಂಟುವ ಕರು. ಕರುವಿಗಾಗಿ ಪ್ರಾರ್ಥಿಸಿದವನು ಮರುದಿನ ಅದನ್ನು ನೋಡಿ ಬರಲೇಬೇಕು, ಪ್ರಾರ್ಥನೆ ಕೆಲಸ ಮಾಡಿದೆಯೋ ಎಂದು ಪರೀಕ್ಷಿಸಲು. ಹೋಗುವಾಗ ಬರಿಗೈಯಲ್ಲಿ ಹೇಗೆ ಹೋಗುವುದು, ಒಂದು ಹಿಡಿ ಹುಲ್ಲು. ಆಮೇಲೆ ಬೆಸಾಂವ್. ಮಕ್ಕಳು ಕೈಮುಗಿದು ಹಿರಿಯರೊಬ್ಬೊಬ್ಬರ ಮುಂದೆ ಹೋಗಿ ಆಶೀರ್ವಾದ ಬೇಡುತ್ತಾರೆ. ಬೆಳಿಗ್ಗೆ ಬೈದ ಅಪ್ಪನ ಮುಂದೆಯೂ ನಿಲ್ಲಬೇಕು, ಅಪ್ಪನೂ ಬೈದ ಬಾಯಿಯಲ್ಲೇ ಹರಸಬೇಕು. ದಿನದ ಸಿಟ್ಟನ್ನು ರಾತ್ರಿಗೆ ಒಯ್ಯದ ಈ ಏರ್ಪಾಡಿನಲ್ಲಿ ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು ಕಷ್ಟ.

ಡಿಸೆಂಬರ್ ಬಂದಾಗ ಇದೇ ಕಾಲುಗಳು ಮತ್ತೆ ಅದೇ ದಾರಿಯಲ್ಲಿ, ಈ ಸಲ ತಟ್ಟೆ ಹೊತ್ತು. ಕ್ರಿಸ್ಮಸ್‌ನ ತಿಂಡಿಗಳ ಕುಸ್ವಾರ್: ನೆವ್ರ್ಯೊ, ಕಿಡಿಯೊ, ಗುಳಿಯೊ, ಚಕ್ಕುಲಿ, ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ, ಕೇಕು. ಅಡುಗೆಮನೆಯ ಮೇಜಿನ ಮೇಲೆ ತಟ್ಟೆಗಳ ಸಾಲು. ಅಜ್ಜಿ ಹೇಳುತ್ತಾ ಹೋಗುತ್ತಾಳೆ, ಮಕ್ಕಳು ತುಂಬುತ್ತಾ ಹೋಗುತ್ತಾರೆ. ತುಳಸಿಕಟ್ಟೆಯ ಮನೆಗೆ ಮೊಟ್ಟೆ ಹಾಕಿದ್ದು ಹೋಗಬಾರದು, ಕೇಕು ತೆಗೆ, ಇನ್ನೆರಡು ನೆವ್ರಿ ಇಡು. ಮೂಲೆಮನೆಯ ಅಜ್ಜನಿಗೆ ಸಕ್ಕರೆ ಕಾಯಿಲೆ, ಚಕ್ಕುಲಿಯೇ ಸಾಕು, ಹಲ್ಲಿಲ್ಲ, ಮೆತ್ತಗಿನದು ಆರಿಸು. ಬ್ಯಾರಿಗಳ ಮನೆಗೆ ದೊಡ್ಡ ತಟ್ಟೆ, ಮಕ್ಕಳು ಹೆಚ್ಚು. ತೆಗೆದುಕೊಳ್ಳುವವರ ಬಾಯಿ, ಹೊಟ್ಟೆ, ವ್ರತ, ಕಾಯಿಲೆ ಎಲ್ಲ ಗೊತ್ತಿದ್ದರೆ ಮಾತ್ರ ಕೊಟ್ಟದ್ದು ಅವರಿಗೆ ಮುಟ್ಟುತ್ತದೆ, ಇಲ್ಲವಾದರೆ ಹಿತ್ತಿಲಿನ ಕೋಳಿಗೆ. ತಟ್ಟೆ ತುಂಬುವ ಈ ಅರ್ಧ ಗಂಟೆಯಲ್ಲಿ ಮಗು ತನ್ನ ಇಡೀ ನೆರೆಕರೆಯನ್ನು ಒಂದು ಸುತ್ತು ಹಾಕಿ ಬಂದಿರುತ್ತದೆ.

ಕೊನೆಗೆ ಒಂದು ತಟ್ಟೆ ಉಳಿಯುತ್ತದೆ. ಅದು ಹುಣಿಯಾಚೆಯ ಮನೆಗೆ. ಆ ಮನೆಯವರ ಜೊತೆ ಅಪ್ಪನಿಗೆ ನೀರಿನ ಕಾಲುವೆಯ ವಿಷಯದಲ್ಲಿ ಮಾತಿಲ್ಲ. ಅಪ್ಪ ಪೇಪರಿನ ಹಿಂದೆ ಮುಖ ಮರೆಸಿ ಕೆಮ್ಮುತ್ತಾನೆ.

"ಅವರಿಗೂ ಉಂಟಾ ವ್ಹಡ್ಲಿಮಾಂಯ್? ಅವರು ಪಪ್ಪನ ಹತ್ತಿರ ಜಗಳ ಮಾಡಿದವರಲ್ವಾ?"

"ಅವರು ಹೂ ಕೊಡಲಿಲ್ವಾ ನಿನಗೆ?"

"ಕೊಟ್ಟಿದ್ದಾರೆ. ಮೂರು ದಿನ. ಬಿಳಿ ದಾಸವಾಳ."

"ಮತ್ತೆಂತ? ಜಗಳ ಕಾಲುವೆಯದ್ದು, ಕುಸ್ವಾರಿನದ್ದಲ್ಲ. ಬಟ್ಟೆ ಮುಚ್ಚಿಕೊಂಡು ಸೀದಾ ಹೋಗು. ಚಕ್ಕುಲಿ ಎಣಿಸಿಟ್ಟಿದ್ದೇನೆ, ದಾರಿಯಲ್ಲಿ ಕಡಿಮೆಯಾದರೆ ನಿನ್ನ ಪಾಲಿನಿಂದ ಕಳೆಯುತ್ತೇನೆ."